ರಿಂಗ್ ಬದಲಿಸುವುದೋ, ಬೋರ್ ಮಾಡಿಸುವುದೋ: ಹಳೆಯ ಎಂಜಿನ್ನಿನ ಎರಡು ದುರಸ್ತಿಗಳ ಹೋಲಿಕೆ

ಹಳೆಯ ಮೋಟಾರ್‌ಸೈಕಲ್ಲಿನ ಎಂಜಿನ್ ಕಂಪ್ರೆಷನ್ (ಸಿಲಿಂಡರಿನೊಳಗೆ ಅನಿಲವನ್ನು ಅದುಮಿ ಹಿಡಿಯುವ ಶಕ್ತಿ) ಕಳೆದುಕೊಂಡು ನೀಲಿ ಹೊಗೆ ಬಿಡತೊಡಗಿದಾಗ ಮನೆಯಲ್ಲೇ ಕೆಲಸ ಮಾಡುವವನ ಮುಂದೆ ಎರಡು ದಾರಿಗಳಿರುತ್ತವೆ. ಇರುವ ಪಿಸ್ಟನ್ ಉಳಿಸಿಕೊಂಡು, ಸಿಲಿಂಡರಿನ ಒಳಗೋಡೆಯನ್ನು ಹೋನ್ ಮಾಡಿ, ಅಂದರೆ ಸಾಣೆಯಿಂದ ಉಜ್ಜಿ ಸಣ್ಣ ಗೆರೆ ಮೂಡಿಸಿ, ಹೊಸ ರಿಂಗ್ (ಪಿಸ್ಟನ್ನಿನ ಸುತ್ತ ಕೂತು ಅನಿಲ ಸೋರದಂತೆ ತಡೆಯುವ ಬಳೆ) ಹಾಕುವುದು ಒಂದು. ಸಿಲಿಂಡರನ್ನು ಬೋರ್ ಮಾಡಿಸಿ, ಅಂದರೆ ಯಂತ್ರದಲ್ಲಿ ಒಳಗಿನಿಂದ ಕೊರೆಸಿ ಅಗಲಗೊಳಿಸಿ, ಒಂದು ಅಳತೆ ದೊಡ್ಡದಾದ ಪಿಸ್ಟನ್ ಕೂರಿಸುವುದು ಇನ್ನೊಂದು. ಇವೆರಡನ್ನೂ ನಾನು ಒಂದೇ ಗಾಡಿಯ ಮೇಲೆ, 70 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ) ಮತ್ತು 90 ಮಿ.ಮೀ. ಸ್ಟ್ರೋಕಿನ (ಪಿಸ್ಟನ್ ಚಲಿಸುವ ದೂರ) ಹಳೆಯ 346 ಸಿ.ಸಿ. ಬುಲೆಟ್ ಎಂಜಿನ್ನಿನಲ್ಲಿ, ಎರಡು ಬೇರೆ ಬೇರೆ ಎರಕದ ಕಬ್ಬಿಣದ ಸಿಲಿಂಡರುಗಳನ್ನು ಬಳಸಿ ಮಾಡಿ ನೋಡಿದ್ದೇನೆ. ಹೆಡ್ (ಸಿಲಿಂಡರಿನ ಮೇಲ್ಮುಚ್ಚಳ), ಕಾರ್ಬ್ಯುರೇಟರ್ ಮತ್ತು ಆಯಿಲ್ ಬದಲಾಗದ ಕಾರಣ ಕಂಡುಬಂದ ವ್ಯತ್ಯಾಸವನ್ನು ಬಹುಮಟ್ಟಿಗೆ ಸಿಲಿಂಡರಿಗೇ ಸಲ್ಲಿಸಬಹುದು.

ಯಾವುದನ್ನು ಆರಿಸಬೇಕೆಂಬುದು ಇಷ್ಟಾನಿಷ್ಟದ ಪ್ರಶ್ನೆಯಲ್ಲ, ಅಳತೆಯ ಪ್ರಶ್ನೆ. ಸಿಲಿಂಡರ್ ಎಲ್ಲೆಡೆ ಒಂದೇ ಸಮನಾಗಿ ಸವೆಯುವುದಿಲ್ಲ. ಪಿಸ್ಟನ್ ತುತ್ತತುದಿಯಲ್ಲಿ ಕ್ಷಣಕಾಲ ನಿಂತು ಹಿಂದಿರುಗುವ ಜಾಗದಲ್ಲಿ ಆಯಿಲಿನ ಪದರ ತೆಳುವಾಗಿರುತ್ತದೆ, ಶಾಖ ಹೆಚ್ಚಿರುತ್ತದೆ, ಉರಿಯುವ ಅನಿಲದ ಒತ್ತಡವು ಮೇಲಿನ ರಿಂಗಿನ ಹಿಂಬದಿಗೆ ನುಗ್ಗಿ ಅದನ್ನು ಗೋಡೆಗೆ ಬಲವಾಗಿ ಒತ್ತುತ್ತಿರುತ್ತದೆ. ಹೀಗಾಗಿ ಅತಿ ಹೆಚ್ಚು ಸವೆತ ಅಲ್ಲಿಯೇ. ಅದರ ಮೇಲೆ, ರಿಂಗ್ ಮುಟ್ಟದ ಭಾಗದಲ್ಲಿ, ಉಗುರಿಗೆ ತಾಗುವಂಥ ಒಂದು ಏಣು ಉಳಿಯುತ್ತದೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಓರೆಯಾಗಿ ತಳ್ಳುವುದರಿಂದ ಬೋರ್ ಒಂದು ದಿಕ್ಕಿನಲ್ಲಿ ಹೆಚ್ಚು ಸವೆದು ಅಂಡಾಕಾರಕ್ಕೂ ತಿರುಗುತ್ತದೆ. ಆದ್ದರಿಂದ ಮೇಲೆ, ನಡುವೆ, ಕೆಳಗೆ ಮೂರು ಎತ್ತರಗಳಲ್ಲಿ, ಪ್ರತಿಯೊಂದರಲ್ಲೂ ಪರಸ್ಪರ ಅಡ್ಡವಾದ ಎರಡು ದಿಕ್ಕುಗಳಲ್ಲಿ ಅಳೆಯಬೇಕು. ಒಳವ್ಯಾಸ ಅಳೆಯುವ ಬೋರ್ ಗೇಜ್ ಇಲ್ಲದವರಿಗೆ ಒಂದು ಹಳೆಯ ಉಪಾಯವಿದೆ: ಒಂದೇ ರಿಂಗನ್ನು ಪಿಸ್ಟನ್ನಿನ ತಲೆಯಿಂದ ನೇರವಾಗಿ ತಳ್ಳಿ, ಮೇಲೊಮ್ಮೆ ಕೆಳಗೊಮ್ಮೆ ಕೂರಿಸಿ, ಅದರ ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ (ಗೊತ್ತಾದ ದಪ್ಪದ ತೆಳು ಪಟ್ಟಿಗಳಿಂದ) ಅಳೆದು, ಆ ಎರಡು ಅಳತೆಗಳ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ವ್ಯಾಸದ ವ್ಯತ್ಯಾಸ ಸಿಗುತ್ತದೆ. ಸಂದಿನಲ್ಲಿ 0.30 ಮಿ.ಮೀ. ವ್ಯತ್ಯಾಸ ಕಂಡರೆ ಬೋರ್ ಮೇಲ್ಗಡೆ ಸುಮಾರು 0.1 ಮಿ.ಮೀ. ಅಗಲವಾಗಿದೆ ಎಂದರ್ಥ. ಈ ಉಪಾಯ ಅಂಡಾಕಾರವನ್ನು ತೋರಿಸುವುದಿಲ್ಲ, ಆದರೂ ರಿಂಗ್ ಕೊಳ್ಳುವ ಮೊದಲೇ ಅರ್ಧ ತೀರ್ಮಾನವನ್ನು ಕೈಗೆ ಕೊಡುತ್ತದೆ.

ನನ್ನ ಮೊದಲ ಸಿಲಿಂಡರಿನಲ್ಲಿ ಏಣು ಕೈಗೆ ಸಿಕ್ಕೂ ಸಿಗದಷ್ಟಿತ್ತು. ಅದಕ್ಕೆ ರಿಂಗ್ ಮಾತ್ರ ಹಾಕಿದೆ. ಈ ದಾರಿಯ ದೊಡ್ಡ ಅನುಕೂಲವೆಂದರೆ ಇಡೀ ಕೆಲಸ ಮನೆಯ ಮೇಜಿನ ಮೇಲೆಯೇ ಮುಗಿಯುತ್ತದೆ. ಹೋನಿಂಗಿಗೆ ತುದಿಯಲ್ಲಿ ಸಾಣೆಯ ಗುಂಡುಗಳಿರುವ ಬ್ರಷ್ ಮತ್ತು ಮೂರು ಕಲ್ಲುಗಳ ಹೋನ್ ಎರಡನ್ನೂ ಬಳಸಿ ನೋಡಿದೆ. ಗುಂಡುಗಳ ಬ್ರಷ್ ಗೋಡೆಯ ಮೇಲೆ ಅಡ್ಡಗೆರೆಗಳನ್ನು ಸಮನಾಗಿ ಮೂಡಿಸುತ್ತದೆ, ಕೈ ತಪ್ಪಿದರೂ ಹೆಚ್ಚು ಹಾನಿ ಮಾಡುವುದಿಲ್ಲ, ಆದರೆ ಬೋರಿನ ಆಕಾರ ಹೇಗಿದೆಯೋ ಅದನ್ನೇ ಅನುಸರಿಸುತ್ತದೆ. ಮೂರು ಕಲ್ಲಿನ ಅಗ್ಗದ ಹೋನ್ ಕೂಡ ಸ್ಪ್ರಿಂಗಿನ ಬಲದಿಂದ ನಡೆಯುವುದರಿಂದ ಅಂಡಾಕಾರವನ್ನು ತಿದ್ದಲಾರದು, ಜೊತೆಗೆ ಕೆಳತುದಿಯಲ್ಲಿ ಹೆಚ್ಚು ಹೊರಬಂದರೆ ಕಲ್ಲು ಮುರಿಯುವ ಭಯ ಬೇರೆ. ಬ್ರಷ್ಷೇ ವಾಸಿ. ಡ್ರಿಲ್ಲನ್ನು ನಿಧಾನವಾಗಿ ತಿರುಗಿಸುತ್ತ ಮೇಲೆ ಕೆಳಗೆ ಬೇಗ ಬೇಗ ಆಡಿಸಿದಾಗ ಗೆರೆಗಳು ಸುಮಾರು 45 ಡಿಗ್ರಿಯಲ್ಲಿ ಒಂದನ್ನೊಂದು ದಾಟುತ್ತವೆ. ಆಮೇಲೆ ಪೆಟ್ರೋಲಿನಲ್ಲಿ ತೊಳೆದರೆ ಸಾಣೆಯ ಪುಡಿ ಹೋಗುವುದಿಲ್ಲ. ಬಿಸಿನೀರು ಮತ್ತು ಸೋಪಿನಲ್ಲಿ, ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಉಜ್ಜಿ ತೊಳೆದು, ತುಕ್ಕು ಹಿಡಿಯುವ ಮೊದಲೇ ಆಯಿಲ್ ಸವರಬೇಕು. ಬೋರಿನ ಪ್ರತಿ ಇಂಚಿಗೆ ಒಂದು ಇಂಚಿನ ಸಾವಿರದಲ್ಲಿ ಮೂರರಿಂದ ನಾಲ್ಕು ಭಾಗ ಎಂಬ ಲೆಕ್ಕದಲ್ಲಿ 70 ಮಿ.ಮೀ. ಬೋರಿಗೆ ರಿಂಗ್ ಸಂದು 0.21ರಿಂದ 0.28 ಮಿ.ಮೀ. ಬರುತ್ತದೆ. ಸವೆದ ಬೋರಿನಲ್ಲಿ ಇದನ್ನು ಅತಿ ಕಿರಿದಾದ ಕೆಳಭಾಗದಲ್ಲಿ ಅಳೆಯಬೇಕು. ಮೇಲೆ ಅಳೆದು ಸರಿಯಿದೆ ಎಂದುಕೊಂಡ ಸಂದು ಕೆಳಗೆ ಬಂದಾಗ ಮುಚ್ಚಿಹೋಗಿ ರಿಂಗ್ ಬಿಗಿದೀತು.

ಎರಡನೆಯ ಸಿಲಿಂಡರಿನ ಏಣು ಬರಿಗಣ್ಣಿಗೇ ಕಾಣುತ್ತಿತ್ತು. ಇಂಥದ್ದಕ್ಕೆ ರಿಂಗ್ ಮಾತ್ರ ಹಾಕಿದರೆ ಚೂಪಾದ ಅಂಚಿನ ಹೊಸ ಮೇಲ್ರಿಂಗ್ ಆ ಏಣಿಗೆ ಬಡಿದು ಮುರಿಯಬಹುದು. ಏಣನ್ನು ಕೆತ್ತಿ ತೆಗೆದರೂ ಅಂಡಾಕಾರ ಹಾಗೆಯೇ ಉಳಿಯುತ್ತದೆ. ಬೋರಿಂಗ್ ಯಂತ್ರ ಮನೆಯಲ್ಲಿರುವುದಿಲ್ಲವಾದ್ದರಿಂದ ಇಲ್ಲಿ ಕೆಲಸದ ಮುಖ್ಯ ಭಾಗ ಮತ್ತೊಬ್ಬರ ಕೈಗೆ ಹೋಗುತ್ತದೆ. ಮೊದಲು ಪಿಸ್ಟನ್ ತಂದು, ಅದನ್ನು ಮೈಕ್ರೋಮೀಟರಿನಲ್ಲಿ ಅಳೆದು, ಆ ಪಿಸ್ಟನ್ನಿಗೂ ಗೋಡೆಗೂ ನಡುವೆ ಬೇಕಾದ ಸಡಿಲವನ್ನು ಬರೆದುಕೊಟ್ಟು ಬೋರ್ ಮಾಡಿಸಬೇಕು. ಡಬ್ಬಿಯ ಮೇಲಿನ ಅಂಕಿಯನ್ನು ನಂಬಿ ಮೊದಲೇ ಬೋರ್ ಮಾಡಿಸುವುದು ತರವಲ್ಲ. ಒತ್ತಿ ತಯಾರಿಸಿದ ಫೋರ್ಜ್ಡ್ ಪಿಸ್ಟನ್ ಬಿಸಿಯಲ್ಲಿ ಹೆಚ್ಚು ಹಿಗ್ಗುವುದರಿಂದ ಎರಕದ ಪಿಸ್ಟನ್ನಿಗಿಂತ ಹೆಚ್ಚು ಸಡಿಲ ಕೇಳುತ್ತದೆ, ತಣ್ಣಗಿರುವಾಗ ಹೆಚ್ಚು ಸದ್ದನ್ನೂ ಮಾಡುತ್ತದೆ. ನಾನು 0.50 ಮಿ.ಮೀ. ದೊಡ್ಡದಾದ ಎರಕದ ಪಿಸ್ಟನ್ ಆರಿಸಿದೆ. ಸಾಮರ್ಥ್ಯ ಲೆಕ್ಕದಲ್ಲಿ 351 ಸಿ.ಸಿ. ಆಗುತ್ತದೆ, ಆ 5 ಸಿ.ಸಿ.ಯಿಂದ ಗಾಡಿಗೆ ಹೊಸ ಬಲ ಬಂತೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ.

ಓಡಿಸಿದಾಗ ಕಂಡದ್ದು ಹೀಗಿದೆ. ರಿಂಗ್ ಹಾಕಿದ ಸಿಲಿಂಡರಿನಲ್ಲಿ ಕಂಪ್ರೆಷನ್ ಚೆನ್ನಾಗಿಯೇ ಮರಳಿತು, ಕಿಕ್ಕರ್ ಗಟ್ಟಿಯಾಯಿತು. ಆದರೆ ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿ ಮತ್ತೆ ತೆರೆದಾಗ ತುಸು ಹೊಗೆ ಉಳಿದೇ ಇತ್ತು, ತಣ್ಣಗಿರುವಾಗ ಪಿಸ್ಟನ್ ಗೋಡೆಗೆ ಬಡಿಯುವ ಸದ್ದೂ ಕಡಿಮೆಯಾಗಲಿಲ್ಲ. ಆಗಬೇಕಾದ ಕಾರಣವೂ ಇಲ್ಲ, ಏಕೆಂದರೆ ಹೊಸ ರಿಂಗ್ ಪಿಸ್ಟನ್ನಿನ ಸಡಿಲವನ್ನು ತುಂಬುವುದಿಲ್ಲ. ಬೋರ್ ಮಾಡಿಸಿದ ಸಿಲಿಂಡರಿನಲ್ಲಿ ಇವೆರಡೂ ನಿಂತವು. ಅದಕ್ಕೆ ತೆತ್ತ ಬೆಲೆಯೆಂದರೆ ಪಳಗಿಸುವ ಅವಧಿ: ಹೊಸ ಪಿಸ್ಟನ್ ಬಿಗಿಯಾಗಿರುವುದರಿಂದ ಮೊದಮೊದಲು ಎಂಜಿನ್ ಬೇಗ ಬಿಸಿಯೇರುತ್ತದೆ, ಏರಿನಲ್ಲಿ ಹೆಚ್ಚು ಹೊತ್ತು ಎಳೆಸುವಂತಿಲ್ಲ. ಹಾಗೆಂದು ನಿಂತಲ್ಲೇ ಐಡಲಿನಲ್ಲಿ ಓಡಿಸುತ್ತಿದ್ದರೆ ರಿಂಗಿನ ಹಿಂದೆ ಒತ್ತಡ ಹುಟ್ಟದೆ ಗೋಡೆ ಗಾಜಿನಂತೆ ನುಣುಪಾಗಿಬಿಡುತ್ತದೆ. ಎರಡು ಬಗೆಯ ದುರಸ್ತಿಯಲ್ಲೂ ಥ್ರಾಟಲನ್ನು ಸ್ವಲ್ಪ ತೆರೆದು ಮತ್ತೆ ಮುಚ್ಚುತ್ತ, ಸಾದಾ ಮಿನರಲ್ ಆಯಿಲಿನಲ್ಲಿ ಓಡಿಸುವುದೇ ಸರಿ.

ವಾಲ್ವುಗಳ ವಿಷಯದಲ್ಲೂ ಇಂಥದೇ ಜೋಡಿಯಿದೆ: ಸಾಣೆಯ ಪೇಸ್ಟ್ ಹಚ್ಚಿ ಕೈಯಿಂದ ಲ್ಯಾಪ್ ಮಾಡುವುದು (ಉಜ್ಜಿ ಕೂರಿಸುವುದು) ಅಥವಾ ಸೀಟನ್ನು, ಅಂದರೆ ಹೆಡ್ಡಿನಲ್ಲಿ ವಾಲ್ವ್ ಕೂರುವ ಅಂಚನ್ನು, ಕಟರಿನಿಂದ ಹೊಸದಾಗಿ ಕತ್ತರಿಸುವುದು. ಇಲ್ಲಿ ನನ್ನ ಒಲವು ಮನೆಗೆಲಸದ ಕಡೆಗೆ. ಸೀಟಿನಲ್ಲಿ ಆಳವಾದ ಕುಳಿ ಇಲ್ಲದಿದ್ದರೆ ನಯವಾದ ಪೇಸ್ಟಿನಲ್ಲಿ ವಾಲ್ವನ್ನು ಹಿಂದೆ ಮುಂದೆ ತಿರುಗಿಸಿ, ನಡುನಡುವೆ ಎತ್ತಿ ಜಾಗ ಬದಲಿಸಿದರೆ ಸುತ್ತಲೂ ತುಂಡಾಗದ ಮಾಸಲು ಬಳೆ ಮೂಡುತ್ತದೆ. ಪೋರ್ಟಿಗೆ ಸೀಮೆಎಣ್ಣೆ ಸುರಿದು, ಅದು ವಾಲ್ವಿನ ಅಂಚಿನಲ್ಲಿ ಜಿನುಗದಿದ್ದರೆ ಅಷ್ಟೇ ಸಾಕು. ಆ ಬಳೆ ಅಗಲವಾಗುತ್ತ 2 ಮಿ.ಮೀ. ದಾಟಿದರೆ ಲ್ಯಾಪಿಂಗ್ ಅದನ್ನು ಇನ್ನಷ್ಟು ಅಗಲಗೊಳಿಸುತ್ತದೆಯೇ ಹೊರತು ಸರಿಪಡಿಸುವುದಿಲ್ಲ. ಆಗ 45 ಡಿಗ್ರಿಯ ಮುಖದ ಮೇಲೆ ಕೆಳಗೆ ಬೇರೆ ಕೋನಗಳಲ್ಲಿ ಕತ್ತರಿಸಿ ಅದನ್ನು ಕಿರಿದಾಗಿಸಲು ಕಟರ್ ಬೇಕೇ ಬೇಕು. ವಾಲ್ವಿನ ಕಾಂಡ ಜಾರುವ ಕೊಳವೆಯಾದ ವಾಲ್ವ್ ಗೈಡ್ ಸವೆದು ವಾಲ್ವಿನ ಕಾಂಡ ಅಲುಗಾಡುತ್ತಿದ್ದರಂತೂ ಮೊದಲು ಗೈಡ್ ಬದಲಿಸಬೇಕು. ಸೀಟು ಕತ್ತರಿಸುವ ಕಟರ್ ಗೈಡಿನ ರಂಧ್ರವನ್ನೇ ಆಧಾರವಾಗಿ ಹಿಡಿದು ತಿರುಗುತ್ತದೆ, ಆಧಾರವೇ ಓರೆಯಾಗಿದ್ದರೆ ಸೀಟೂ ಓರೆಯಾಗುತ್ತದೆ.

ಹೆಡ್ಡಿಗೂ ಸಿಲಿಂಡರಿಗೂ ನಡುವೆ ಸೋರಿಕೆ ತಡೆಯುವ ಹೆಡ್ ಗ್ಯಾಸ್ಕೆಟ್ ಕುರಿತು ಹೆಚ್ಚು ಹೇಳಬೇಕಾದದ್ದಿಲ್ಲ. ತಾಮ್ರದ್ದನ್ನು ಮಂಕುಗೆಂಪು ಬಣ್ಣಕ್ಕೆ ಕಾಯಿಸಿ ಮೆತ್ತಗಾಗಿಸಿದರೆ ಮತ್ತೆ ಬಳಸಬಹುದು, ಆದರೆ ಕೂರುವ ಮುಖಗಳು ಸಮತಟ್ಟಾಗಿರಬೇಕು. ಪದರಗಳ ಗ್ಯಾಸ್ಕೆಟ್ ಸಣ್ಣಪುಟ್ಟ ಓರೆಕೋರೆಯನ್ನು ಸಹಿಸಿಕೊಳ್ಳುತ್ತದೆ, ಆದರೆ ಒಮ್ಮೆ ಬಿಚ್ಚಿದರೆ ಅದನ್ನು ಎಸೆಯಬೇಕು. ಎಂಜಿನ್ನನ್ನು ಮತ್ತೆ ಮತ್ತೆ ಬಿಚ್ಚುವ ನನ್ನಂಥವನಿಗೆ ತಾಮ್ರವೇ ಒಗ್ಗುತ್ತದೆ. ಯಾವುದನ್ನು ಹಾಕಿದರೂ ಒಮ್ಮೆ ಬಿಸಿಯಾಗಿ ಪೂರ್ತಿ ತಣಿದ ಮೇಲೆ ಹೆಡ್ಡಿನ ನಟ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಮತ್ತೆ ಬಿಗಿದು, ಆಮೇಲೆ ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗಗಳ ನಡುವಿನ ಸಂದು) ಸರಿಪಡಿಸಬೇಕು. ಈ ಕ್ರಮ ತಿರುವುಮುರುವಾಗಬಾರದು.

ಈ ಹೋಲಿಕೆ ನಿಕಾಸಿಲ್ (ನಿಕ್ಕಲ್ ಆಧಾರಿತ ಗಟ್ಟಿ ಲೇಪ) ಅಥವಾ ಕ್ರೋಮ್ ಲೇಪವಿರುವ ಸಿಲಿಂಡರುಗಳಿಗೆ ಅನ್ವಯಿಸುವುದಿಲ್ಲ. ಅವುಗಳನ್ನು ಬೋರ್ ಮಾಡಿದರೆ ಲೇಪವೇ ಹೋಗುತ್ತದೆ. ಎರಕದ ಕಬ್ಬಿಣದ್ದಾದರೆ, ಸವೆತ ಮತ್ತು ಅಂಡಾಕಾರ ತಯಾರಕರು ಹೇಳಿದ ಮಿತಿಯೊಳಗಿದ್ದಾಗ ರಿಂಗ್ ಮಾತ್ರ ಹಾಕುವುದು ನ್ಯಾಯವಾದ ದುರಸ್ತಿಯೇ. ಆಗ ಮುಂದಿನ ಅಳತೆಯ ಪಿಸ್ಟನ್ನುಗಳೆಲ್ಲ ಕೈಯಲ್ಲಿ ಉಳಿದಿರುತ್ತವೆ, ಬಿಡಿಭಾಗ ಅಪರೂಪವಾಗುತ್ತಿರುವ ಗಾಡಿಗೆ ಇದು ಸಣ್ಣ ಲಾಭವಲ್ಲ. ಮಿತಿ ದಾಟಿದ ಮೇಲೆ ಹೋನ್ ಬ್ರಷ್ಷಿನಿಂದ ಗೆರೆ ಮೂಡಿಸಿ ಹೊಸ ರಿಂಗ್ ಹಾಕುವವರನ್ನು ಕಂಡಿದ್ದೇನೆ. ಕಣ್ಣಿಗೆ ಅದು ಹೊಸ ಬೋರಿನಂತೆಯೇ ಕಾಣುತ್ತದೆ, ಅಳತೆಯಲ್ಲಿ ಮಾತ್ರ ಏನೂ ಬದಲಾಗಿರುವುದಿಲ್ಲ. ಈಗ ಗಾಡಿಯಲ್ಲಿ ಕೂತಿರುವುದು ಬೋರ್ ಮಾಡಿಸಿದ ಸಿಲಿಂಡರ್. ಇನ್ನೊಂದನ್ನು ಆಯಿಲ್ ಸವರಿ ಸುತ್ತಿಟ್ಟಿದ್ದೇನೆ. ಅದಕ್ಕಿನ್ನೂ ಮೊದಲ ಬೋರಿಂಗ್ ಬಾಕಿಯಿದೆ.