ಓಟ್ಸೋ, ಅವಲಕ್ಕಿಯೋ, ಹೊದಳೋ: ಮನೆಯಲ್ಲೇ ಮಾಡುವ ಗರಿಗರಿ ಬೆಳಗಿನ ತಿಂಡಿ

ಹಾಲಿಗೆ ಹಾಕಿ ತಿನ್ನುವ ಗರಿಗರಿ ಸೀರಿಯಲ್ ಈಗ ನಮ್ಮ ಕಾಸರಗೋಡು ಕಡೆಯ ಬದಿಯಡ್ಕ, ಕುಂಬಳೆ, ಮಂಜೇಶ್ವರದ ಅಂಗಡಿಗಳಲ್ಲೂ ಧಾರಾಳ ಸಿಗುತ್ತದೆ. ಕೊಳ್ಳುವ ಮೊದಲು ಪೆಟ್ಟಿಗೆಯ ಹಿಂಬದಿ ಓದಿ ನೋಡಿ. ಯಾವುದರ ತೂಕ ಜಾಸ್ತಿಯೋ ಅದನ್ನೇ ಮೊದಲು ಬರೆಯಬೇಕು ಎಂಬ ನಿಯಮ ಇದೆ. ಮಕ್ಕಳಿಗೆಂದೇ ಮಾರುವ ಎಷ್ಟೋ ಪೆಟ್ಟಿಗೆಗಳಲ್ಲಿ ಸಕ್ಕರೆ ಎರಡನೆಯದೋ ಮೂರನೆಯದೋ ಆಗಿರುತ್ತದೆ. ಗ್ರಾನೋಲಾ (ಓಟ್ಸ್, ಬೀಜಗಳಿಗೆ ಸಿಹಿ ಸವರಿ ಗರಿಯಾಗಿ ಬೇಯಿಸಿದ ಸೀರಿಯಲ್) ಎಂದು ಬರೆದ ದುಬಾರಿ ಪ್ಯಾಕೆಟಿನಲ್ಲೂ ಜೇನು, ಸಕ್ಕರೆ, ಗ್ಲೂಕೋಸ್ ಸಿರಪ್ ಎಂದು ಬೇರೆ ಬೇರೆ ಹೆಸರಲ್ಲಿ ಸಿಹಿ ಸೇರಿರುವುದುಂಟು.

ಬೆಳಿಗ್ಗೆ ಏಳೂವರೆಗೆ ಶಾಲೆಯ ಬಸ್ಸು ಹಿಡಿಯುವ ಮಗಳು, ಸಕ್ಕರೆ ಕಾಯಿಲೆ ಇರುವ ಮಾವ, ಎರಡನ್ನೂ ನೋಡಿಕೊಳ್ಳಬೇಕಾದ ಮನೆ ನಮ್ಮದು. ಹಾಗಾಗಿ ಇದನ್ನು ಮನೆಯಲ್ಲೇ ಮಾಡತೊಡಗಿದೆ. ಓಟ್ಸ್, ಗಟ್ಟಿ ಕೆಂಪು ಅವಲಕ್ಕಿ, ಭತ್ತದ ಹೊದಳು (ಅರಳು), ಈ ಮೂರನ್ನೂ ಒಂದೇ ಅಳತೆಯಲ್ಲಿ ಮಾಡಿ ನೋಡಿದ್ದೇನೆ. ಧಾನ್ಯ 250 ಗ್ರಾಂ, ಗೇರುಬೀಜ, ತೆಂಗು, ಎಳ್ಳು ಎಲ್ಲ ಸೇರಿ 150 ಗ್ರಾಂ, ಸಿಹಿ 80 ಗ್ರಾಂ. ನಾನು ನೋಡಿದ್ದು ಮುಖ್ಯವಾಗಿ ಮೂರು ವಿಷಯ: ಹಾಲಿನಲ್ಲಿ ಎಷ್ಟು ಹೊತ್ತು ಗರಿ ಉಳಿಯುತ್ತದೆ, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಡಬ್ಬದೊಳಗೆ ಹೇಗಿರುತ್ತದೆ, ತಿಂದ ಮೇಲೆ ಹೊಟ್ಟೆ ಎಷ್ಟು ಹೊತ್ತು ತಡೆಯುತ್ತದೆ. ಎರಡನೆಯದು ನಮಗೆ ಬಹಳ ಮುಖ್ಯ. ಒಣ ಹವೆಯ ಊರಿನವರು ಬರೆದ ವಿಧಾನ ಓದಿ ಹಾಗೆಯೇ ಮಾಡಿದರೆ ಜೂನ್ ತಿಂಗಳಲ್ಲಿ ಕಂಗಿನ ತೋಟದ ನಡುವಿನ ಮನೆಯಲ್ಲಿ ಅದು ನಿಲ್ಲುವುದಿಲ್ಲ.

ಓಟ್ಸ್, ಓವನ್‌ನಲ್ಲಿ

ಇದಕ್ಕೆ ದೊಡ್ಡ ಎಸಳಿನ ರೋಲ್ಡ್ ಓಟ್ಸ್ ಬೇಕು. ಎರಡು ನಿಮಿಷದಲ್ಲಿ ಬೇಯುವ ಪುಡಿ ಓಟ್ಸ್ ಬೇಡ, ಅದು ಜೇನು ತಾಗಿದ ಕೂಡಲೇ ಮುದ್ದೆಯಾಗುತ್ತದೆ. ಮೂರು ನಾಲ್ಕು ದೊಡ್ಡ ಚಮಚ ತೆಂಗಿನೆಣ್ಣೆಯನ್ನು ಜೇನಿನ ಜೊತೆ ಸ್ವಲ್ಪ ಬಿಸಿ ಮಾಡಿ, ಚಿಟಿಕೆ ಉಪ್ಪು ಹಾಕಿ, ಓಟ್ಸಿಗೆ ಮತ್ತು ಬೀಜಗಳಿಗೆ ಚೆನ್ನಾಗಿ ಸವರಬೇಕು. ಟ್ರೇಯಲ್ಲಿ ತೆಳುವಾಗಿ ಹರಡಿ 150 ಡಿಗ್ರಿಯಲ್ಲಿ ಅರ್ಧ ಗಂಟೆ. ನಡುವೆ ಒಮ್ಮೆ ಕೈಯಾಡಿಸಬೇಕು. ಗಟ್ಟಿ ಗಟ್ಟಿ ಉಂಡೆಗಳು ಬೇಕು ಅನ್ನುವವರು ಸಟ್ಟುಗದಿಂದ ಒತ್ತಿ ಕೈಯಾಡಿಸದೆ ಬಿಡಬಹುದು, ಆಗ ಅಂಚು ಕಪ್ಪಾಗದಂತೆ ನೋಡುತ್ತಾ ಇರಬೇಕು. ಜೇನಿನಲ್ಲಿ ಫ್ರಕ್ಟೋಸ್ ಜಾಸ್ತಿ. ಅದು ಬೇರೆ ಸಕ್ಕರೆಗಿಂತ ಕಡಿಮೆ ಶಾಖಕ್ಕೇ ಕೆಂಪಗಾಗುತ್ತದೆ. ಆದ್ದರಿಂದ 180ಕ್ಕೆ ಏರಿಸಿ ಬೇಗ ಮುಗಿಸೋಣ ಅಂದರೆ ಮೇಲೆ ಕರಟಿ ಒಳಗೆ ಹಸಿಯಾಗೇ ಉಳಿಯುತ್ತದೆ.

ಓವನ್‌ನಿಂದ ತೆಗೆದಾಗ ಓಟ್ಸ್ ಮೆತ್ತಗೇ ಇರುತ್ತದೆ. ಆರಿದ ಮೇಲೆ ಗರಿ ಬರುವುದು. ಅಷ್ಟು ಹೊತ್ತು ಮುಟ್ಟಬಾರದು.

ರುಚಿಯಲ್ಲಿ ಇದಕ್ಕೆ ಒಳ್ಳೆಯ ಅಂಕ ಕೊಡುತ್ತೇನೆ. ತಣ್ಣನೆಯ ಹಾಲಿನಲ್ಲಿ ಮೂರರಲ್ಲೂ ಇದೇ ಜಾಸ್ತಿ ಹೊತ್ತು ಗರಿಯಾಗಿರುತ್ತದೆ. ಮಗಳು ಜಡೆ ಹಾಕಿಸಿಕೊಳ್ಳುತ್ತಾ ನಿಧಾನ ತಿಂದರೂ ಕೊನೆಯ ಚಮಚದವರೆಗೆ ಕುರುಕುರು ಕೇಳುತ್ತದೆ. ಹೊಟ್ಟೆ ತಡೆಯುವುದರಲ್ಲೂ ಇದೇ ಮುಂದೆ. 100 ಗ್ರಾಂ ಓಟ್ಸಿನಲ್ಲಿ ಸುಮಾರು 10 ಗ್ರಾಂ ನಾರು, 13 ಗ್ರಾಂ ಪ್ರೋಟೀನ್ ಇರುತ್ತದೆ. ಅದರಲ್ಲಿ ಬೀಟಾ ಗ್ಲುಕಾನ್ ಎನ್ನುವ ಲೋಳೆಯಾಗುವ ನಾರು ಇದೆ. ದಿನಕ್ಕೆ 3 ಗ್ರಾಂನಷ್ಟು ಅದು ಹೊಟ್ಟೆಗೆ ಹೋದರೆ ಕೊಲೆಸ್ಟ್ರಾಲ್ ಇಳಿಸಲು ಸಹಾಯ ಆಗುತ್ತದೆ. ಈ ವಿಷಯದಲ್ಲಿ ಅವಲಕ್ಕಿ ಓಟ್ಸಿಗೆ ಸಮ ಅಲ್ಲ, ಅದನ್ನು ನೇರವಾಗಿ ಹೇಳಬೇಕು.

ಆದರೆ ಮಳೆಗಾಲದಲ್ಲಿ ಇದರ ಆಟ ನಡೆಯುವುದಿಲ್ಲ. ಜೇನು ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುತ್ತದೆ. ಡಬ್ಬ ತೆರೆದು ಮುಚ್ಚಿ ಮಾಡುತ್ತಿದ್ದರೆ ಮೊದಲು ಅಂಟಂಟು, ಆಮೇಲೆ ರಬ್ಬರಿನ ಹಾಗೆ. ಮತ್ತೆ 130 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ ಇಟ್ಟು ಆರಿಸಿದರೆ ಗರಿ ಮರಳುತ್ತದೆ ನಿಜ. ಗಾಳಿ ಮಳೆಗೆ ಕರೆಂಟು ಹೋದ ದಿನ ಏನು ಮಾಡುವುದು?

ಕೆಂಪು ಅವಲಕ್ಕಿ, ಬಾಣಲೆಯಲ್ಲಿ

ನನ್ನ ಪ್ರೀತಿಯದ್ದು ಇದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಅವಲಕ್ಕಿ ಗಟ್ಟಿಯದ್ದೇ ಆಗಬೇಕು, ಬಣ್ಣ ಕೆಂಪು. ತೆಳು ಅವಲಕ್ಕಿ ಹುರಿದಾಗ ಚಂದ ಆಗುತ್ತದೆ, ಹಾಲಿಗೆ ಬಿದ್ದರೆ ಗಂಜಿ. ಬಿಳಿಯದಕ್ಕಿಂತ ಕೆಂಪಿನಲ್ಲಿ ತೌಡು ಸ್ವಲ್ಪ ಉಳಿದಿರುವುದರಿಂದ ನಾರೂ ಹೆಚ್ಚು, ಪರಿಮಳವೂ ಹೆಚ್ಚು. ದಪ್ಪ ತಳದ ಕಬ್ಬಿಣದ ಬಾಣಲೆ ಇಟ್ಟು, ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಹುರಿಯಿರಿ. ಎರಡು ಬೆರಳ ನಡುವೆ ಒತ್ತಿದರೆ ಬಾಗಬಾರದು, ಪುಡಿಯಾಗಬೇಕು. ಇಡೀ ಕೆಲಸದ ಜೀವಾಳ ಇದು. ಇಲ್ಲಿ ಒಳಗಿನ ಪಸೆ ಹೋಗದಿದ್ದರೆ ಮುಂದೆ ಎಷ್ಟು ಒಳ್ಳೆಯ ಬೆಲ್ಲ ಹಾಕಿದರೂ ಮರುದಿನಕ್ಕೆ ಮೆತ್ತಗೆ.

ಹುರಿದದ್ದನ್ನು ತೆಗೆದಿಟ್ಟು, ಅದೇ ಬಾಣಲೆಗೆ ಒಂದು ಚಮಚ ತೆಂಗಿನೆಣ್ಣೆ ಹಾಕಿ ಗೇರುಬೀಜದ ಚೂರು ಮತ್ತು ತೆಳುವಾಗಿ ಹೆರೆದ ತೆಂಗಿನ ಎಸಳು ಹುರಿಯಬೇಕು. ತೆಂಗು ಚೆನ್ನಾಗಿ ಬಲಿತಿರಲಿ, ಒಣಕೊಬ್ಬರಿ ಆದರೆ ಇನ್ನೂ ಒಳ್ಳೆಯದು. ಹಸಿ ಕಾಯಿಯಾದರೆ ಮೊದಲೇ ಎರಡು ದಿನ ಬಿಸಿಲಿಗಿಟ್ಟು ಒಣಗಿಸಿಕೊಳ್ಳಿ. ಕೊನೆಗೆ ಎಳ್ಳು, ಅದು ಸಿಡಿಯಲು ಶುರುವಾದ ಕೂಡಲೇ ಇಳಿಸಿ.

ಈಗ ಪಾಕ. 80 ಗ್ರಾಂ ಬೆಲ್ಲಕ್ಕೆ ಎರಡು ಚಮಚ ನೀರು ಹಾಕಿ ಕರಗಿಸಿ, ಸೋಸಿ, ಮತ್ತೆ ಒಲೆಗಿಡಿ. ನೊರೆ ದಪ್ಪವಾಗುತ್ತಾ ಬಂದಾಗ ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ನೋಡಿ. ಬೆರಳಲ್ಲಿ ಉಂಡೆ ಕಟ್ಟಿದರೆ ಸಾಲದು, ಅದು ಲಾಡಿನ ಪಾಕ. ಬಟ್ಟಲಿನ ಅಂಚಿಗೆ ತಟ್ಟಿದರೆ ಟಣ್ ಎನ್ನಬೇಕು, ಮುರಿದರೆ ಕಡಲೆ ಚಿಕ್ಕಿಯಂತೆ ಚಟ್ಟನೆ ಮುರಿಯಬೇಕು. ಆಗ ಅರ್ಧ ಚಮಚ ತುಪ್ಪ, ಚಿಟಿಕೆ ಉಪ್ಪು, ಏಲಕ್ಕಿ ಪುಡಿ ಹಾಕಿ ಅವಲಕ್ಕಿ ಸುರಿದು ಬೇಗ ಬೇಗ ಮಗುಚಿ. ಬೆಲ್ಲ ಕಡಿಮೆ ಇರುವುದರಿಂದ ಉಂಡೆ ಕಟ್ಟುವುದಿಲ್ಲ, ಒಂದೊಂದು ಎಸಳಿಗೂ ತೆಳುವಾಗಿ ಹಿಡಿಯುತ್ತದೆ. ಮತ್ತೆ ಎರಡು ನಿಮಿಷ ಸಣ್ಣ ಉರಿಯಲ್ಲಿಟ್ಟು, ಅಗಲ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಿ. ಬಿಸಿ ಇರುವಾಗ ಡಬ್ಬಕ್ಕೆ ಹಾಕಿದರೆ ಮುಚ್ಚಳದಲ್ಲಿ ಹಬೆ ನಿಂತು ಎಲ್ಲ ಹಾಳು.

ಅವಲಕ್ಕಿ ಹಾಲಿಗೆ ಒಗ್ಗುತ್ತದೋ ಎಂದು ಕೇಳುವವರು ಇಲ್ಲಿನ ಪೇಟೆಯಲ್ಲಿ ಒಮ್ಮೆ ಅವಿಲ್ ಮಿಲ್ಕ್ ಕುಡಿದು ನೋಡಬೇಕು. ಹುರಿದ ಅವಲಕ್ಕಿ, ಬಾಳೆಹಣ್ಣು, ನೆಲಗಡಲೆ, ತಣ್ಣನೆಯ ಹಾಲು. ಮಲಬಾರಿನವರಿಗೆ ಇದು ಗೊತ್ತಿರುವ ಸಂಗತಿ. ಮನೆಯ ಮಿಶ್ರಣಕ್ಕೂ ಹಾಲು ತಣ್ಣಗೇ ಇರಲಿ, ತಿನ್ನುವಾಗಲೇ ಹಾಕಿ. ಗರಿ ಓಟ್ಸಿನಷ್ಟು ಹೊತ್ತು ಇರುವುದಿಲ್ಲ. ಒಂದು ಸಣ್ಣ ಬಟ್ಟಲು ಖಾಲಿ ಮಾಡುವಷ್ಟು ಹೊತ್ತು ಖಂಡಿತ ಇರುತ್ತದೆ. ಆಮೇಲೆ ಮೆತ್ತಗಾದರೂ ಅವಲಕ್ಕಿಯ ರುಚಿ ಕೆಡುವುದಿಲ್ಲ, ಮೆತ್ತಗಾದ ಓಟ್ಸ್ ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಬೇಡ.

ಮಳೆಗಾಲದಲ್ಲಿ ಗೆದ್ದದ್ದು ಇದೇ. ಬೆಲ್ಲವೂ ಪಸೆ ಎಳೆಯುತ್ತದೆ, ಆದರೆ ಗಟ್ಟಿ ಪಾಕಕ್ಕೆ ಬಂದದ್ದು ಜೇನಿನಷ್ಟು ಬೇಗ ಸೋಲುವುದಿಲ್ಲ. ಮೆತ್ತಗಾಯಿತು ಅನ್ನಿಸಿದರೆ ಗ್ಯಾಸ್ ಹಚ್ಚಿ ಬಾಣಲೆಯಲ್ಲಿ ಮೂರು ನಿಮಿಷ ಆಡಿಸಿದರೆ ಸಾಕು, ಕರೆಂಟಿನ ಹಂಗಿಲ್ಲ. ಖರ್ಚಿನ ಮಾತಂತೂ ಹೇಳಬೇಕಾಗಿಲ್ಲ. ಅವಲಕ್ಕಿ ಓಟ್ಸಿಗಿಂತ ಎಷ್ಟೋ ಅಗ್ಗ, ಗೇರುಬೀಜ, ತೆಂಗು ಹಿತ್ತಲಿನದ್ದೇ.

ಹೊದಳು

ಭತ್ತ ಹುರಿದು ಸಿಡಿಸಿದ ಹೊದಳು ಇಲ್ಲಿನ ಅಂಗಡಿಗಳಲ್ಲಿ ಮಲರ್ ಎಂಬ ಹೆಸರಲ್ಲಿ ಸಿಗುತ್ತದೆ. ಗಣಹೋಮದ ಅಷ್ಟದ್ರವ್ಯ ತಿಂದವರಿಗೆ ಹೊದಳು, ಅವಲಕ್ಕಿ, ಎಳ್ಳು, ತೆಂಗು, ಬೆಲ್ಲ ಒಂದೇ ಉರುಳಿಯಲ್ಲಿ ಸೇರಿದರೆ ಎಂಥ ರುಚಿ ಎಂದು ಗೊತ್ತು. ಆ ಆಸೆಯಿಂದಲೇ ಇದನ್ನೂ ಮಾಡಿದ್ದು. ಒಣಗಿದ್ದಾಗ ಬಾಯಲ್ಲಿ ಕರಗುವ ಗರಿ, ಹಗುರ, ಬೇಗ ಜೀರ್ಣ ಆಗುತ್ತದೆ. ಹಾಲು ಬಿದ್ದ ಕ್ಷಣಕ್ಕೆ ಮುಗಿಯಿತು. ಸಂಜೆ ಚಹಾದ ಜೊತೆ ಕೈಗೆ ಸುರಿದುಕೊಂಡು ತಿನ್ನಲು ಇಟ್ಟುಕೊಳ್ಳಿ, ಬೆಳಗಿನ ಬಟ್ಟಲಿಗೆ ಬೇಡ. ಹೊಟ್ಟು ಉಳಿದಿರುತ್ತದೆ, ಸಣ್ಣ ಮಕ್ಕಳಿಗೆ ಕೊಡುವುದಾದರೆ ಆರಿಸಿ ಕೊಡಿ.

ಜೇನು, ಬೆಲ್ಲ, ತೆಂಗಿನ ಸಕ್ಕರೆ

ಇಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲರಲ್ಲೂ ಇದೆ. ಬೆಲ್ಲ ಹಾಕಿದೆ, ಜೇನು ಹಾಕಿದೆ, ಹಾಗಾಗಿ ಸಕ್ಕರೆ ಇಲ್ಲ ಎನ್ನುತ್ತಾರೆ. ಮೈಗೆ ಅವೆಲ್ಲ ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿಯಲ್ಲಿ ಜೇನನ್ನೂ ಸೇರಿಸಿಯೇ ಲೆಕ್ಕ. ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಲಿ, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದಿದೆ. 2000 ಕ್ಯಾಲೊರಿ ತಿನ್ನುವವರಿಗೆ ಅದು 50 ಗ್ರಾಂ ಮತ್ತು 25 ಗ್ರಾಂ. ನನ್ನ ಅಳತೆಯ ಅವಲಕ್ಕಿ ಮಿಶ್ರಣ 40 ಗ್ರಾಂ ತಿಂದರೆ ಸುಮಾರು 6 ಗ್ರಾಂ ಸಿಹಿ ಹೊಟ್ಟೆಗೆ ಹೋಗುತ್ತದೆ. ಜೇನಿನಲ್ಲಿ ನೀರಿನ ಅಂಶ ಇರುವುದರಿಂದ ಓಟ್ಸಿನದ್ದರಲ್ಲಿ ಸುಮಾರು 5 ಗ್ರಾಂ. ದೊಡ್ಡ ವ್ಯತ್ಯಾಸ ಏನಿಲ್ಲ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ಯಾವ ರೂಪದಲ್ಲೂ ಕೊಡಬಾರದು, ಬೊಟುಲಿಸಂ ಎಂಬ, ಬ್ಯಾಕ್ಟೀರಿಯಾದ ವಿಷದಿಂದ ಬರುವ ಗಂಭೀರ ಕಾಯಿಲೆಯ ಅಪಾಯ ಇದೆ.

ತೆಂಗಿನ ಕಲ್ಪರಸದಿಂದ ಮಾಡಿದ ಸಕ್ಕರೆಯನ್ನೂ ಹಾಕಿ ನೋಡಿದೆ. ಕಲ್ಪರಸ ತೆಗೆಯುವ ಕ್ರಮ ರೂಪಿಸಿದ್ದು ನಮ್ಮ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಸಂಸ್ಥೆ ಅದು. ಹೊಂಬಾಳೆಯಿಂದ ಇಳಿಯುವ ರಸ ಹುಳಿಯಾಗದಂತೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಸಂಗ್ರಹಿಸುತ್ತಾರೆ. ಸಕ್ಕರೆಯ ರುಚಿ ಬಹಳ ಚೆನ್ನಾಗಿದೆ, ಸುಟ್ಟ ಸಕ್ಕರೆಯ ಘಮ ಇದೆ, ಬೆಲೆ ಮಾತ್ರ ಕೈಗೆ ಸುಡುತ್ತದೆ. ದಿನಾ ಹಾಕಲು ಬೆಲ್ಲವೇ ಸಾಕು. ಅಲ್ಲಿಯವರೇ ಪ್ರಚಾರಕ್ಕೆ ತಂದ ತೆಂಗಿನ ಚಿಪ್ಸ್ ಕೂಡ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಅದನ್ನು ಸಕ್ಕರೆ ಪಾಕದಲ್ಲಿ ನೆನೆಸಿ ಒಣಗಿಸುವುದು, ಹಾಗಾಗಿ ಅದನ್ನು ಹಾಕಿದ ದಿನ ಬೆಲ್ಲ ಕಡಿಮೆ ಮಾಡಿ.

ಮಳೆಗಾಲದ ಡಬ್ಬ

1863ರಲ್ಲಿ ಅಮೆರಿಕದ ಡಾ. ಜೇಮ್ಸ್ ಕೇಲೆಬ್ ಜಾಕ್ಸನ್ ಮಾಡಿದ ಮೊದಲ ತಣ್ಣನೆಯ ಸೀರಿಯಲ್ ಎಷ್ಟು ಗಟ್ಟಿ ಇತ್ತೆಂದರೆ, ರಾತ್ರಿಯೇ ಹಾಲಿನಲ್ಲಿ ನೆನೆಹಾಕದೆ ತಿನ್ನಲು ಆಗುತ್ತಿರಲಿಲ್ಲ. ಗೋಧಿ ಹಿಟ್ಟಿನ ಹಾಳೆ ಬೇಯಿಸಿ, ಮುರಿದು, ಮತ್ತೆ ಬೇಯಿಸಿದ್ದು ಅದು. ಓಟ್ಸ್ ಆಗಲಿ ಅವಲಕ್ಕಿ ಆಗಲಿ, ಗರಿ ಬರುವುದು ಒಳಗಿನ ನೀರು ಹೋದಾಗ. ಉಳಿಯುವುದು ಹೊರಗಿನ ನೀರು ಬರದಿದ್ದಾಗ.

ಆದ್ದರಿಂದ ಒಂದು ದೊಡ್ಡ ಡಬ್ಬದ ಬದಲು ಮೂರು ನಾಲ್ಕು ಸಣ್ಣ ಗಾಜಿನ ಬಾಟಲಿಗಳಲ್ಲಿ ತುಂಬಿ. ಒಂದು ಮುಗಿದ ಮೇಲೆ ಇನ್ನೊಂದು ತೆರೆದರಾಯಿತು. ಕುಚ್ಚಿಲಕ್ಕಿ ಬೇಯುವ ಒಲೆಯ ಹತ್ತಿರ ಇಡಬೇಡಿ. ದ್ರಾಕ್ಷಿ, ಖರ್ಜೂರ ಡಬ್ಬಕ್ಕೆ ಹಾಕಲೇಬೇಡಿ. ಅವುಗಳ ಪಸೆ ನಿಧಾನಕ್ಕೆ ಅವಲಕ್ಕಿಗೆ ಇಳಿದು, ಇದು ಮೆತ್ತಗೆ, ಅದು ಕಲ್ಲು. ತಿನ್ನುವಾಗ ಬಟ್ಟಲಿಗೇ ಹಾಕಿಕೊಳ್ಳಿ. ಅಗಸೆ ಬೀಜವನ್ನೂ ಹಾಗೆಯೇ ಆಗ ಪುಡಿ ಮಾಡಿ ಉದುರಿಸಿ. ಇಡಿಯಾಗಿ ನುಂಗಿದರೆ ಹೆಚ್ಚಿನದು ಹಾಗೇ ಹೊರಗೆ ಹೋಗುತ್ತದೆ, ಪುಡಿ ಮಾಡಿಟ್ಟರೆ ಬೇಗ ಕಮಟು ವಾಸನೆ ಬರುತ್ತದೆ. ತೆಂಗು ಹಾಕಿದ್ದನ್ನೂ ಬಹಳ ದಿನ ಇಡಬೇಡಿ, ಹದಿನೈದು ದಿನಕ್ಕೆ ಬೇಕಾದಷ್ಟೇ ಮಾಡಿ.

ಈಗ ನಮ್ಮ ಮನೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವಲಕ್ಕಿ. ಬಿಸಿಲಿನ ತಿಂಗಳಲ್ಲಿ ಓಟ್ಸ್, ಅದೂ ಪರೀಕ್ಷೆಯ ದಿನಗಳಲ್ಲಿ ಮಗಳಿಗೆ ಮಧ್ಯಾಹ್ನದವರೆಗೆ ಹಸಿವಾಗಬಾರದು ಎಂದು. ಒಂದನ್ನೇ ಆರಿಸು ಎಂದರೆ ನಾನು ಅವಲಕ್ಕಿಯನ್ನೇ ಆರಿಸುತ್ತೇನೆ. ನಾರು ಕಡಿಮೆ ಎಂಬ ಕೊರತೆಗೆ ಜೊತೆಗೆ ಒಂದು ಹಣ್ಣು, ಹಿಡಿ ನೆಲಗಡಲೆ ಇಟ್ಟರೆ ತಕ್ಕಮಟ್ಟಿಗೆ ತುಂಬುತ್ತದೆ.

ಮಾವನವರ ಬಟ್ಟಲು ಬೇರೆ. ಅವಲಕ್ಕಿ ರಕ್ತದ ಸಕ್ಕರೆಯನ್ನು ಓಟ್ಸಿಗಿಂತ ಬೇಗ ಏರಿಸುತ್ತದೆ, ಹಾಗಾಗಿ ಅವರಿಗೆ ವರ್ಷವಿಡೀ ಓಟ್ಸೇ, ಸಿಹಿ ಇಲ್ಲದೆ. ಅದನ್ನು ಬಾಣಲೆಯಲ್ಲೂ ಮಾಡಬಹುದು. ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವು, ಚಿಟಿಕೆ ಅರಸಿನ, ಇಂಗು ಹಾಕಿ, ನೆಲಗಡಲೆ, ಎಳ್ಳು, ಸಿಹಿಕುಂಬಳದ ಬೀಜ ಹುರಿದು, ಆಮೇಲೆ ಓಟ್ಸ್ ಸೇರಿಸಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ. ಉಪ್ಪು ಕೊನೆಗೆ. ಜೇನು ಇಲ್ಲದ ಕಾರಣ ಇದು ಮಳೆಗಾಲದಲ್ಲೂ ಅಂಟುವುದಿಲ್ಲ. ಅವರು ಇದನ್ನು ದಪ್ಪ ಮೊಸರಿನ ಮೇಲೆ ಉದುರಿಸಿಕೊಂಡು ತಿನ್ನುತ್ತಾರೆ. ಹಾಲಿಗಿಂತ ಮೊಸರಿನಲ್ಲಿ ಗರಿ ಜಾಸ್ತಿ ಹೊತ್ತು ನಿಲ್ಲುತ್ತದೆ.