ಅರಿಸಿನದ ಕ್ಯಾಪ್ಸೂಲ್: ನಾಲ್ಕು ತಿಂಗಳ ಲೆಕ್ಕ

ಅಪ್ಪ ಚಾಮರಾಜನಗರದ ಹತ್ತಿರ ಎರಡು ಎಕರೆಯಲ್ಲಿ ಅರಿಸಿನ ಬೆಳೆಯುತ್ತಾರೆ. ಅವರ ಮಗಳಾದ ನಾನು ಮೈಸೂರಿನಲ್ಲಿ ಕುಳಿತು ಅರವತ್ತು ಅರಿಸಿನದ ಕ್ಯಾಪ್ಸೂಲ್‌ಗಳಿಗೆ 749 ರೂಪಾಯಿ ಕೊಟ್ಟೆ. ಸುದ್ದಿ ತಿಳಿದು ಅಪ್ಪ, “ಒಂದು ಮೂಟೆ ಕಳಿಸುತ್ತಿದ್ದೆನಲ್ಲವ್ವ” ಎಂದರು.

ನನಗೆ ಆರು ವರ್ಷಗಳಿಂದ ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪದರ ಊದಿಕೊಂಡು ಹುಣ್ಣಾಗುವ ಕಾಯಿಲೆ; ಕೆಟ್ಟ ದಿನಗಳಲ್ಲಿ ಎಂಟು ಹತ್ತು ಸಲ ರಕ್ತಭೇದಿ. ಹಲಗೆಯ ಮೇಲೆ ಸಮೀಕರಣವನ್ನು ಅರ್ಧಕ್ಕೇ ಬಿಟ್ಟು ತರಗತಿಯಿಂದ ಓಡಿದ್ದೇನೆ. ಕರುಳಿನ ಊತ ತಗ್ಗಿಸುವ ಮೆಸಲಮೈನ್ ಮಾತ್ರೆಯನ್ನು ದಿನವೂ ನುಂಗುತ್ತೇನೆ. ಅದನ್ನು ಬಿಡುವ ಮಾತೇ ಇಲ್ಲ ಎಂಬ ಷರತ್ತಿನ ಮೇಲೆ ವೈದ್ಯರು ಅರಿಸಿನದ ಮುಖ್ಯ ಸಾರವಾದ ಕರ್ಕ್ಯುಮಿನ್ ಸೇರಿಸಿಕೊಳ್ಳಲು ಒಪ್ಪಿದರು.

ಅವರ ಒಪ್ಪಿಗೆಗೆ ಆಧಾರ 2006ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನ. ಕಾಯಿಲೆ ಹತೋಟಿಯಲ್ಲಿದ್ದವರಿಗೆ ಎಂದಿನ ಮಾತ್ರೆಯ ಜೊತೆಗೆ ದಿನಕ್ಕೆ 2 ಗ್ರಾಂ ಕರ್ಕ್ಯುಮಿನ್ ಅಥವಾ ಹುಸಿಮಾತ್ರೆ (ಔಷಧವೇ ಇಲ್ಲದ ಮಾತ್ರೆ) ಕೊಟ್ಟು ಆರು ತಿಂಗಳು ನೋಡಿದರು. ಕರ್ಕ್ಯುಮಿನ್ ಪಡೆದ 43 ಮಂದಿಯಲ್ಲಿ ಇಬ್ಬರಿಗೆ ಕಾಯಿಲೆ ಮರುಕಳಿಸಿತು. ಹುಸಿಮಾತ್ರೆಯ 39 ಮಂದಿಯಲ್ಲಿ ಎಂಟು ಜನರಿಗೆ. ಗುಂಪು ಚಿಕ್ಕದು, ಆದರೂ ತಳ್ಳಿಹಾಕುವಂಥದ್ದಲ್ಲ. ಇನ್ನು ಅಪ್ಪನ ಮೂಟೆಯ ವಿಷಯ: ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ನೂರಕ್ಕೆ ಮೂರು ಪಾಲು. 2 ಗ್ರಾಂ ಬೇಕೆಂದರೆ ದಿನಕ್ಕೆ 65 ಗ್ರಾಂ ಪುಡಿ ತಿನ್ನಬೇಕು. ಅಷ್ಟು ಹಾಕಿದ ಸಾರನ್ನು ಬೆಳೆದವರೂ ಉಣ್ಣಲಾರರು.

ಆದ್ದರಿಂದ ಡಬ್ಬಿಯೇ ಗತಿ. ಡಬ್ಬಿಯ ಮುಂದೆ ದಪ್ಪಕ್ಷರದಲ್ಲಿ ‘1000 ಮಿ.ಗ್ರಾಂ’ ಎಂದಿದೆ. ಹಿಂದೆ ಇರುವೆಯಷ್ಟು ಅಕ್ಷರಗಳಲ್ಲಿ ನೋಡಿದರೆ, ಅದು ಎರಡು ಕ್ಯಾಪ್ಸೂಲ್‌ಗಳ ತೂಕ. ಒಂದರಲ್ಲಿ ಕರ್ಕ್ಯುಮಿನ್ ವರ್ಗದ ಅಂಶ 475 ಮಿ.ಗ್ರಾಂ. ಸೂಚನೆ: ‘ದಿನಕ್ಕೆ ಒಂದು’. ನನಗೆ ಸಿಟ್ಟು ಬಂದದ್ದು ಇಲ್ಲಿ. ದೆಹಲಿಯ ಏಮ್ಸ್‌ನಲ್ಲಿ ದಿನಕ್ಕೆ 450 ಮಿ.ಗ್ರಾಂ ಕೊಟ್ಟು ಎಂಟು ವಾರ ನೋಡಿ, ಹುಸಿಮಾತ್ರೆಗಿಂತ ಹೆಚ್ಚೇನೂ ಆಗಲಿಲ್ಲವೆಂದು 2017ರಲ್ಲೇ ವರದಿ ಮಾಡಿದ್ದಾರೆ. ಕಂಪನಿಯವರು ಸರಿಸುಮಾರು ಆ ಸೋತ ಪ್ರಮಾಣವನ್ನೇ ನಮಗೆ ಬರೆದುಕೊಟ್ಟಿದ್ದಾರೆ! ಜಪಾನಿನ ಲೆಕ್ಕಕ್ಕೆ ನಾಲ್ಕು ಬೇಕು. ಎರಡು ತಿಂಗಳು ಬರಬೇಕಾದ ಡಬ್ಬಿ ಹದಿನೈದೇ ದಿನಕ್ಕೆ ಖಾಲಿ. ತಿಂಗಳಿಗೆ ಒಂದೂವರೆ ಸಾವಿರ ರೂಪಾಯಿ.

ಮತ್ತೊಂದು ತಕರಾರು ಮೆಣಸಿನದು. ಕರಿಮೆಣಸಿನ ಪೈಪರಿನ್ ಸೇರಿಸಿದ್ದೇವೆ, ಹೀರಿಕೆ ‘20 ಪಟ್ಟು’ ಎಂದು ಡಬ್ಬಿ ಬೀಗುತ್ತದೆ. ಆ ಅಂಕಿ ನಮ್ಮ ಬೆಂಗಳೂರಿನದೇ: ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ್ದು. ಆದರೆ ನನ್ನ ಹುಣ್ಣಿರುವುದು ಕರುಳಿನ ಗೋಡೆಯಲ್ಲಿ. ರಕ್ತಕ್ಕೆ ಹೀರದೆ ಕರುಳಲ್ಲೇ ಉಳಿಯುವ ಕರ್ಕ್ಯುಮಿನ್ ನನ್ನ ಮಟ್ಟಿಗೆ ದಂಡವಲ್ಲ. ಮೇಲಾಗಿ, ಅರಿಸಿನದ ಪೂರಕಗಳಿಂದ, ಅದರಲ್ಲೂ ಮೆಣಸಿನ ಸಾರ ಬೆರೆತವುಗಳಿಂದ, ಕೆಲವರ ಯಕೃತ್ತಿಗೆ ಪೆಟ್ಟಾದ ವರದಿಗಳಿವೆ. ಹಾಗಾಗಿ ವೈದ್ಯರು ಯಕೃತ್ತಿನ ಪರೀಕ್ಷೆ ಮಾಡಿಸಿದರು. ಸದ್ಯ ಸರಿಯಿದೆ.

ಉಪಯೋಗ ಆಯಿತೇ? ಮೊದಲ ತಿಂಗಳು ಬರೀ ತೇಗು, ಹೊಟ್ಟೆಯುಬ್ಬರ. ಊಟದ ನಡುವೆ ನುಂಗಿದರೆ ಕಡಿಮೆ. ಶೌಚಕ್ಕೆ ಹೋದಾಗಲೆಲ್ಲ ದಿನಚರಿಯಲ್ಲಿ ಹಾಕುವ ಗೆರೆಗಳು ಮೂರನೆಯ ತಿಂಗಳಿಂದ ದಿನಕ್ಕೆ ನಾಲ್ಕರಿಂದ ಎರಡಕ್ಕೆ ಇಳಿದಿವೆ, ರಕ್ತ ಕಂಡಿಲ್ಲ. ಅದೇ ಸಮಯಕ್ಕೆ ಬೇಸಿಗೆ ರಜೆಯೂ ಬಂದಿತ್ತು, ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಕಾಟವೂ ಮುಗಿದಿತ್ತು. ಯಾವುದರಿಂದ ಎಂದು ಗಣಿತದ ಶಿಕ್ಷಕಿಯಾದ ನಾನು ಪ್ರಮಾಣ ಮಾಡಿ ಹೇಳಲಾರೆ.

ಐದಕ್ಕೆ ಎರಡೂವರೆ ಅಂಕ. ಒಳಗಿನ ಸರಕಿಗೆ ಎರಡು. ಅರ್ಧ ಅಂಕ ಸುಲಭವಾಗಿ ತಿರುಗುವ ಮುಚ್ಚಳಕ್ಕೆ. ಮುಂದಿನ ತಿಂಗಳಿಗೆ ಮೆಣಸಿಲ್ಲದ ಬೇರೆ ಕಂಪನಿಯದನ್ನು ತರಿಸಿದ್ದೇನೆ. ಅಪ್ಪನ ಮೂಟೆಯೂ ಬಂದಿದೆ, ಅಡುಗೆಮನೆಯ ಮೂಲೆಯಲ್ಲಿದೆ.