ರೋಮ್‌ನಲ್ಲಿ ಇಬ್ಬರಿಗೆ ಒಂದೇ ದಿನ: ಕೊಲೋಸಿಯಮ್ಮೋ, ವ್ಯಾಟಿಕನ್ನೋ?

ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಸಂಜೆ ಹೊತ್ತಿಗೆ ಇಬ್ಬರಿಗೂ ಮಾತಾಡುವ ತ್ರಾಣ ಇರುವುದಿಲ್ಲ. ಒಂದನ್ನು ಆರಿಸಿಕೊಳ್ಳಿ.

ಕೊಲೋಸಿಯಮ್ ಅಂದ್ರೆ ಹಳೇ ರೋಮನ್ನರ ದುಂಡನೆಯ ಬಯಲು ಕ್ರೀಡಾಂಗಣ, ಜನರಿಗೆ ತೆರೆದದ್ದು ಕ್ರಿ.ಶ. 80ರಲ್ಲಿ. ಅದರ ಟಿಕೆಟ್‌ನಲ್ಲೇ ಫೋರಮ್ (ಹಳೇ ರೋಮ್‌ನ ಊರ ನಡುವಿನ ಚೌಕ, ಈಗ ಅವಶೇಷ), ಪಕ್ಕದ ಪ್ಯಾಲಟೈನ್ ಗುಡ್ಡ ಎರಡೂ ಸೇರಿರುತ್ತವೆ. ನನ್ನ ಕೇಳಿದರೆ ಜೋಡಿಗಳಿಗೆ ಗುಡ್ಡವೇ ಚೆಂದ. ಪೈನ್ ಮರದ ನೆರಳು, ಕೆಳಗೆ ಫೋರಮ್‌ನ ಮುರಿದ ಕಂಬಗಳು, ನೂಕುನುಗ್ಗಲೂ ಕಡಿಮೆ. ಕಷ್ಟ ಅಂದ್ರೆ ಬಿಸಿಲು. ಜುಲೈ, ಆಗಸ್ಟ್‌ನಲ್ಲಿ ಫೋರಮ್‌ನ ಕಲ್ಲುಹಾಸು ಕಾದ ಕಾವಲಿ. ಕಲ್ಲುಗಳು ಏರುಪೇರು, ಹೀಲ್ಸ್ ಬೇಡವೇ ಬೇಡ. ಖಾಲಿ ಬಾಟಲಿ ಇರಲಿ, ಬೀದಿ ನಲ್ಲಿಗಳಲ್ಲಿ ತಣ್ಣನೆಯ ಕುಡಿಯುವ ನೀರು ಪುಕ್ಕಟೆ.

ವ್ಯಾಟಿಕನ್ ಮ್ಯೂಸಿಯಮ್ ಮಳೆ ದಿನಕ್ಕೆ ಸರಿ. ಆದರೆ ಜನ ಜಾಸ್ತಿ. ಉದ್ದನೆಯ ಮೊಗಸಾಲೆಗಳಲ್ಲಿ ಗುಂಪಿನ ಜೊತೆ ತಳ್ಳಿಸಿಕೊಂಡೇ ಸಿಸ್ಟೈನ್ ಚಾಪೆಲ್ ಎಂಬ ಪ್ರಾರ್ಥನಾ ಮಂದಿರ ಸೇರಬೇಕು. ಮೈಕೆಲಾಂಜೆಲೊ 1508ರಿಂದ 1512ರವರೆಗೆ ಬಿಡಿಸಿದ ಚಾವಣಿ ಇರುವುದು ಇಲ್ಲೇ. ಫೋಟೊ ತೆಗೆಯುವಂತಿಲ್ಲ, ಸುಮ್ನೆ ಕತ್ತೆತ್ತಿ ನೋಡುವುದಷ್ಟೇ. ಗೋಡೆ ಪಕ್ಕದ ಬೆಂಚಿನಲ್ಲಿ ಜಾಗ ಸಿಕ್ಕರೆ ಬಿಡಬೇಡಿ. ವ್ಯಾಟಿಕನ್‌ನಲ್ಲೇ ಇರುವ ಸಂತ ಪೀಟರ್ ಚರ್ಚಿಗೆ ಪ್ರವೇಶ ಉಚಿತ, ಭುಜ ಮತ್ತು ಮೊಣಕಾಲು ಮುಚ್ಚಿರಬೇಕು. ಗುಮ್ಮಟಕ್ಕೆ 551 ಮೆಟ್ಟಿಲು. ಲಿಫ್ಟ್ ಅರ್ಧಕ್ಕೇ ನಿಲ್ಲುತ್ತದೆ, ಮಿಕ್ಕಿದ್ದು ಹತ್ತಲೇಬೇಕು. ಭಾನುವಾರ ಮ್ಯೂಸಿಯಮ್‌ಗೆ ರಜೆ. ತಿಂಗಳ ಕೊನೆಯ ಭಾನುವಾರ ಮಾತ್ರ ಪುಕ್ಕಟೆ ತೆರೆದಿರುತ್ತದೆ. ಆ ಸಾಲಿನಲ್ಲಿ ನಿಲ್ಲುವ ಬದಲು ದುಡ್ಡು ಕೊಡುವುದೇ ವಾಸಿ, ಅಲ್ವಾ?

ಇಬ್ಬರಿಗೂ ಚಿತ್ರಕಲೆಯ ಹುಚ್ಚಿದ್ದರೆ ವ್ಯಾಟಿಕನ್. ಒಬ್ಬರಿಗಷ್ಟೇ ಇದ್ದರೆ ಕೊಲೋಸಿಯಮ್. ಇನ್ನೊಬ್ಬರನ್ನು ಮೂರು ತಾಸು ಚಿತ್ರದ ಮುಂದೆ ನಿಲ್ಲಿಸಬೇಡಿ. ಯಾವುದನ್ನೇ ಆರಿಸಿದರೂ ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತಗೊಳ್ಳಿ.